ಪೌಲ: ಅನ್ಯಜನರ ಅಪೊಸ್ತಲ

ಪೌಲ: ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಯೆಹೂದ್ಯರಲ್ಲದ ಜನಗಳ ನಡುವೆ ಯೇಸುವಿನ ಸುವಾರ್ತೆಯನ್ನು ಸಾರುತ್ತ, ಇಂದಿನ ತುರ್ಕಿ ಮತ್ತು ಗ್ರೀಸ್ ದೇಶಗಳ ಪಟ್ಟಣಗಳಲ್ಲಿ ಚಿಕ್ಕ ಚಿಕ್ಕ ಸಭೆಗಳನ್ನು ಕಟ್ಟಿ, ಕಡೆಗೆ ರೋಮಿನಲ್ಲಿ ಪ್ರಾಣವನ್ನೊಪ್ಪಿಸಿದನೆಂದು ಪರಂಪರೆ ನಂಬಿಕೊಂಡು ಬಂದಿರುವ ಅಪೊಸ್ತಲ. ಹೊಸ ಒಡಂಬಡಿಕೆಯ 27 ಗ್ರಂಥಗಳಲ್ಲಿ 13 ಪತ್ರಿಕೆಗಳು ಇವನ ಹೆಸರಿನಲ್ಲಿವೆ. ಯೇಸು ಗಲಿಲಾಯದಲ್ಲಿ ಬೋಧಿಸುತ್ತಿದ್ದಾಗ ಆತನನ್ನು ಹಿಂಬಾಲಿಸಿದವರಲ್ಲಿ ಇವನಿರಲಿಲ್ಲ. ಹನ್ನೆರಡು ಮಂದಿ ಶಿಷ್ಯರ ಪಟ್ಟಿಯಲ್ಲಿ ಇವನಿಗೆ ಸ್ಥಾನವಿಲ್ಲ. ಆ ಶಿಷ್ಯಸಮುದಾಯವನ್ನು ಹಾಳುಗೆಡವಲು ತಾನು ಹೆಣಗುತ್ತಿದ್ದೆನೆಂದು ಇವನೇ ಬರೆದುಕೊಂಡಿದ್ದಾನೆ. ಹೀಗಿದ್ದವನು ಅದೇ ಸಮುದಾಯದ ಅತ್ಯಂತ ಪ್ರಬಲ ವಕ್ತಾರನಾದದ್ದನ್ನು ದಮಸ್ಕದ ಹಾದಿಯ ದಿವ್ಯದರ್ಶನವೊಂದರಿಂದಲೇ ವಿವರಿಸಿ ಮುಗಿಸುವುದು ವಾಡಿಕೆಯಾಗಿದೆ. ಆದರೆ ಪೌಲನ ಜೀವಿತದ ಹೆಚ್ಚಿನ ಭಾಗವನ್ನು ಆಕ್ರಮಿಸಿದ್ದು ಆ ದರ್ಶನಕ್ಕಿಂತ ಲೌಕಿಕವಾದ ಎರಡು ಪ್ರಶ್ನೆಗಳು: ಯೆಹೂದ್ಯನೂ ಯೆಹೂದ್ಯನಲ್ಲದವನೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟಮಾಡಬಹುದೇ ಎಂಬುದೊಂದು, ಹಾಗೆ ಕುಳಿತವರು ದೂರದ ಯೆರೂಸಲೇಮಿನ ಬಡವರಿಗೆ ಋಣಿಗಳೇ ಎಂಬುದು ಇನ್ನೊಂದು.

ಪೌಲನ ಚರಿತ್ರೆಗೆ ಆಕರಗಳು ಎರಡು ಬಗೆಯವು. ಲೂಕನು ಬರೆದನೆಂದು ಪರಂಪರೆ ಹೇಳುವ ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥವು ಒಂದು. ಅದರ ಉತ್ತರಾರ್ಧವೆಲ್ಲ ಪೌಲನ ಸಂಚಾರಗಳ ಕಥನವೇ ಆಗಿದೆ. ಇವನ ಸ್ವಂತ ಪತ್ರಿಕೆಗಳು ಇನ್ನೊಂದು. ಕೃತ್ಯಗಳ ಕರ್ತೃ ಕಥನಕಲೆಯಲ್ಲಿ ನಿಪುಣ; ಘಟನೆಗಳನ್ನು ಕ್ರಮವಾಗಿ ಜೋಡಿಸಿ, ಜಗಳಗಳನ್ನು ಆದಷ್ಟು ಮೃದುಗೊಳಿಸಿ, ಆರಂಭಕಾಲದ ಸಭೆಯನ್ನು ಒಮ್ಮತದ ಸಂಸಾರವೆಂಬಂತೆ ಚಿತ್ರಿಸುತ್ತಾನೆ. ಪತ್ರಿಕೆಗಳಾದರೋ ಆಯಾ ಕ್ಷಣದ ಆತುರದಲ್ಲಿ, ಆಯಾ ಊರಿನ ತಂಟೆ ತಕರಾರುಗಳಿಗೆ ಉತ್ತರವಾಗಿ ಹುಟ್ಟಿದವು. ಅವುಗಳಲ್ಲಿ ಕೋಪ, ವ್ಯಂಗ್ಯ, ಕಣ್ಣೀರು, ಆತ್ಮಸಮರ್ಥನೆ ಎಲ್ಲವೂ ಬೆರೆತುಕೊಂಡಿವೆ. ಎರಡೂ ಒಂದೇ ಸಂಗತಿಯನ್ನು ಹೇಳುವೆಡೆಯಲ್ಲಿ ಭಿನ್ನಾಭಿಪ್ರಾಯ ಕಂಡುಬಂದರೆ ಪತ್ರಿಕೆಗಳ ಮಾತಿಗೆ ಹೆಚ್ಚು ಬೆಲೆ ಕೊಡುವುದು ಆಧುನಿಕ ಇತಿಹಾಸಕಾರರ ಪದ್ಧತಿ. ಈ ಲೇಖನದಲ್ಲಿಯೂ ಅದನ್ನೇ ಅನುಸರಿಸಿದೆ.

ಕಿಲಿಕ್ಯ ಪ್ರಾಂತದ ತಾರ್ಸ ಪಟ್ಟಣ ಇವನ ಜನ್ಮಸ್ಥಳವೆಂದು ಕೃತ್ಯಗಳಿಂದ ತಿಳಿಯುತ್ತದೆ. ಬೆನ್ಯಾಮೀನನ ಕುಲದವನು, ಎಂಟನೆಯ ದಿನದಲ್ಲಿ ಸುನ್ನತಿ ಹೊಂದಿದವನು, ಧರ್ಮಶಾಸ್ತ್ರದ ವಿಷಯದಲ್ಲಿ ಫರಿಸಾಯ ಪಂಥದವನು ಎಂಬುದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಇವನೇ ಕೊಟ್ಟಿರುವ ವಿವರ. ಯೆಹೂದ್ಯರೊಳಗೆ ಸೌಲನೆಂದೂ ಗ್ರೀಕ್ ರೋಮನ್ ಜಗತ್ತಿನಲ್ಲಿ ಪೌಲನೆಂದೂ ಎರಡು ಹೆಸರುಗಳು ಇವನಿಗೆ ಬಳಕೆಯಲ್ಲಿದ್ದವು. ಮತಾಂತರವಾದ ಮೇಲೆ ಹೆಸರು ಬದಲಾಯಿಸಿಕೊಂಡನೆಂಬ ಜನಪ್ರಿಯ ನಂಬಿಕೆಗೆ ಮೂಲಗಳಲ್ಲಿ ಆಧಾರವಿಲ್ಲ. ಯೆರೂಸಲೇಮಿನಲ್ಲಿ ಗಮಲಿಯೇಲನೆಂಬ ಪ್ರಖ್ಯಾತ ಗುರುವಿನ ಪದತಲದಲ್ಲಿ ಅಧ್ಯಯನ ಮಾಡಿದನೆಂದೂ ಹುಟ್ಟಿನಿಂದ ರೋಮಿನ ಪೌರತ್ವವಿದ್ದವನೆಂದೂ ಕೃತ್ಯಗಳು ಹೇಳುತ್ತವೆಯಾದರೂ ಪತ್ರಿಕೆಗಳಲ್ಲಿ ಈ ಎರಡರ ಪ್ರಸ್ತಾಪವೂ ಇಲ್ಲ. ಗುಡಾರ ಹೊಲಿಯುವ ಕಸಬನ್ನು ಬಲ್ಲವನಾಗಿದ್ದ ಇವನು, ಧರ್ಮೋಪದೇಶಕ್ಕೆ ಪ್ರತಿಫಲ ಪಡೆಯಲು ತನಗೆ ಹಕ್ಕುಂಟೆಂದು ವಾದಿಸುತ್ತಲೇ ಆ ಹಕ್ಕನ್ನು ತ್ಯಜಿಸಿ ಹಗಲಿರುಳೂ ಕೈಯಾರೆ ದುಡಿದು ಉಂಡದ್ದನ್ನು ಪದೇ ಪದೇ ಅಭಿಮಾನದಿಂದ ಸ್ಮರಿಸುತ್ತಾನೆ. ಉತ್ತಮ ಗ್ರೀಕ್ ವಾಕ್ಯರಚನೆ ಕಲಿತ ವಿದ್ಯಾವಂತನೊಬ್ಬನು ಕೈಕಸಬಿನವರ ಸಾಲಿನಲ್ಲಿ ಕುಳಿತು ದುಡಿಯುವುದು ಅಂದಿನ ಮೇಲ್ವರ್ಗದ ದೃಷ್ಟಿಯಲ್ಲಿ ಗೌರವದ ಸಂಗತಿಯಾಗಿರಲಿಲ್ಲ. ಕೊರಿಂಥದ ಕೆಲವರು ಅದಕ್ಕಾಗಿಯೇ ಇವನನ್ನು ಹಗುರವಾಗಿ ಕಂಡಂತೆ ತೋರುತ್ತದೆ.

ಸ್ತೆಫನನೆಂಬ ಶಿಷ್ಯನನ್ನು ಕಲ್ಲೆಸೆದು ಕೊಂದಾಗ ಸಾಕ್ಷಿಗಳು ತಮ್ಮ ಮೇಲುಡುಪುಗಳನ್ನು ಸೌಲನೆಂಬ ಯುವಕನ ಪಾದದ ಬಳಿ ಇರಿಸಿದರೆಂಬ ವಾಕ್ಯದಿಂದ ಇವನು ಕೃತ್ಯಗಳ ಕಥೆಯನ್ನು ಪ್ರವೇಶಿಸುತ್ತಾನೆ. ತರುವಾಯ ದಮಸ್ಕಕ್ಕೆ ಹೋಗುವ ದಾರಿಯಲ್ಲಿ ಆಕಾಶದಿಂದ ಬೆಳಕು ಮಿಂಚಿ, ಇವನು ನೆಲಕ್ಕೆ ಬಿದ್ದು, ತಾನು ಹಿಂಸಿಸುತ್ತಿದ್ದ ಯೇಸುವಿನ ಧ್ವನಿಯನ್ನು ಕೇಳಿ, ಮೂರು ದಿವಸ ಕಣ್ಣುಕಾಣದೆ ಇದ್ದನೆಂಬ ವೃತ್ತಾಂತ ಆ ಗ್ರಂಥದಲ್ಲಿ ಮೂರು ಬಾರಿ ಬಂದಿದೆ. ಜೊತೆಯಲ್ಲಿದ್ದವರು ಧ್ವನಿಯನ್ನು ಕೇಳಿದರೇ ಇಲ್ಲವೇ ಎಂಬಂಥ ವಿವರಗಳಲ್ಲಿ ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಚಿತ್ರಕಾರರಿಗೆ ಪ್ರಿಯವಾದ ಕುದುರೆ, ವಿಶೇಷತಃ ಕಾರವಾಜ್ಜೊ ರೋಮಿನ ಸಾಂತಾ ಮರಿಯಾ ದೆಲ್ ಪೊಪೊಲೊ ದೇವಾಲಯಕ್ಕಾಗಿ 1601ರ ವೇಳೆಗೆ ಬರೆದ ಚಿತ್ರದ ಬಹುಭಾಗವನ್ನು ತುಂಬಿಕೊಂಡಿರುವ ಆ ಕುದುರೆ, ಮೂರರಲ್ಲಿ ಯಾವುದರಲ್ಲಿಯೂ ಇಲ್ಲ. ಪೌಲನ ಸ್ವಂತ ಮಾತು ಅತ್ಯಂತ ಸಂಕ್ಷಿಪ್ತ: ದೇವರು ತನ್ನ ಮಗನನ್ನು ತನಗೆ ಪ್ರಕಟಿಸಲು ಇಚ್ಛಿಸಿದನು, ಅನ್ಯಜನರಲ್ಲಿ ಸಾರುವುದಕ್ಕಾಗಿ. ಇದಾದ ಮೇಲೆ ಅರಬಸ್ಥಾನಕ್ಕೆ ಹೋಗಿ ದಮಸ್ಕಕ್ಕೆ ಮರಳಿದನೆಂದೂ, ಮೂರು ವರ್ಷಗಳ ಬಳಿಕ ಯೆರೂಸಲೇಮಿನಲ್ಲಿ ಯೇಸುವಿನ ಶಿಷ್ಯ ಪೇತ್ರನೊಡನೆ 15 ದಿವಸವಿದ್ದು ಯೇಸುವಿನ ಸಹೋದರ ಯಾಕೋಬನನ್ನು ಮಾತ್ರ ಕಂಡನೆಂದೂ ಬರೆಯುತ್ತಾನೆ. ನಬತೇಯರ ಅರಸ ಅರೇತನ ಅಧಿಕಾರಿ ದಮಸ್ಕದಲ್ಲಿ ತನ್ನನ್ನು ಹಿಡಿಯಲು ಕಾವಲಿರಿಸಿದಾಗ ಗೋಡೆಯ ಕಿಟಕಿಯಿಂದ ಬುಟ್ಟಿಯಲ್ಲಿ ಇಳಿಸಲ್ಪಟ್ಟು ತಪ್ಪಿಸಿಕೊಂಡ ಸಂಗತಿಯನ್ನೂ ಇವನು ನೆನೆಯುತ್ತಾನೆ. ಆ ಅರಸನು ಸುಮಾರು 40ರಲ್ಲಿ ತೀರಿಕೊಂಡುದರಿಂದ ಮತಪರಿವರ್ತನೆ ಮೂವತ್ತರ ದಶಕದಲ್ಲಿಯೇ ನಡೆದಿರಬೇಕು.

ಮುಂದೆ ಸಿರಿಯದ ಅಂತಿಯೋಕ್ಯ ಇವನ ಕಾರ್ಯಕ್ಷೇತ್ರವಾಯಿತು. ಆ ಮಹಾನಗರದ ಸಭೆಯಲ್ಲಿ ಯೆಹೂದ್ಯರೂ ಗ್ರೀಕರೂ ಬೆರೆತಿದ್ದರು. ಪ್ರಶ್ನೆ ಎದ್ದದ್ದು ಅಲ್ಲಿಯೇ. ಯೇಸುವನ್ನು ಮೆಸ್ಸೀಯನೆಂದು ನಂಬುವ ಗ್ರೀಕನು ಮೊದಲು ಸುನ್ನತಿ ಮಾಡಿಸಿಕೊಂಡು, ಮೋಶೆಯ ಧರ್ಮಶಾಸ್ತ್ರದ ಆಹಾರನಿಯಮಗಳನ್ನೂ ಸಬ್ಬತ್ತನ್ನೂ ಕೈಕೊಂಡು ಯೆಹೂದ್ಯನಾಗಬೇಕೇ? ಸಹಚರರಾದ ಬಾರ್ನಬ ಮತ್ತು ತೀತರೊಡನೆ ಪೌಲನು ಯೆರೂಸಲೇಮಿಗೆ ಹೋಗಿ, ಸ್ತಂಭಗಳೆನಿಸಿಕೊಂಡಿದ್ದ ಯಾಕೋಬ, ಪೇತ್ರ, ಯೋಹಾನರ ಮುಂದೆ ಈ ವಿಷಯವನ್ನಿಟ್ಟನು. ಸುಮಾರು 48 ಅಥವಾ 49ರಲ್ಲಿ ನಡೆದ ಆ ಸಮಾಲೋಚನೆಯಲ್ಲಿ, ಅನ್ಯಜನರ ಮೇಲೆ ಸುನ್ನತಿಯ ನೊಗವನ್ನು ಹೊರಿಸಕೂಡದೆಂದು ನಿಶ್ಚಯವಾಗಿ, ಹಿರಿಯರು ಪೌಲನಿಗೂ ಬಾರ್ನಬನಿಗೂ ಬಲಗೈ ಕೊಟ್ಟು ಬೀಳ್ಕೊಟ್ಟರು; ಬಡವರನ್ನು ನೆನಪಿಟ್ಟುಕೊಳ್ಳಬೇಕೆಂದು ಮಾತ್ರ ಕೇಳಿಕೊಂಡರು. ಆದರೆ ಸುನ್ನತಿಯ ಪ್ರಶ್ನೆ ತೀರಿದರೂ ಪಂಕ್ತಿಯ ಪ್ರಶ್ನೆ ತೀರಲಿಲ್ಲ. ಕೆಲಕಾಲದ ಮೇಲೆ ಅಂತಿಯೋಕ್ಯಕ್ಕೆ ಬಂದ ಪೇತ್ರನು ಅನ್ಯಜನರೊಡನೆ ನಿಸ್ಸಂಕೋಚವಾಗಿ ಉಣ್ಣುತ್ತಿದ್ದು, ಯಾಕೋಬನ ಕಡೆಯವರು ಬಂದೊಡನೆ ಹಿಂಜರಿದು ಬೇರೆ ಕುಳಿತನು. ಉಳಿದ ಯೆಹೂದ್ಯರೂ, ಕಡೆಗೆ ಬಾರ್ನಬನೂ, ಅವನನ್ನೇ ಅನುಸರಿಸಿದರು. ಪೌಲನು ಎಲ್ಲರೆದುರಿಗೆ ಪೇತ್ರನನ್ನು ಆಕ್ಷೇಪಿಸಿದನು. ಪಂಕ್ತಿಭೇದದ ನೋವನ್ನು ಬಲ್ಲ ನಮ್ಮ ದೇಶದ ಓದುಗನಿಗೆ ಈ ಪ್ರಸಂಗದ ತೀವ್ರತೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆ ವಾದದಲ್ಲಿ ತಾನು ಗೆದ್ದೆನೆಂದು ಪೌಲನು ಹೇಳಿಕೊಳ್ಳುವುದಿಲ್ಲ. ಗೆದ್ದಿದ್ದರೆ ಹೇಳದೆ ಬಿಡುವ ಸ್ವಭಾವ ಅವನದಾಗಿರಲಿಲ್ಲವಾದುದರಿಂದ, ಅಂತಿಯೋಕ್ಯದ ಸಭೆ ಪೇತ್ರನ ಕಡೆಗೇ ವಾಲಿರಬೇಕೆಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ.

ಯೆರೂಸಲೇಮಿನ ಸಮಾಲೋಚನೆಗೆ ಮೊದಲೇ ಬಾರ್ನಬನ ಸಂಗಡ ಸೈಪ್ರಸ್ ದ್ವೀಪದಲ್ಲಿಯೂ ದಕ್ಷಿಣ ಗಲಾತ್ಯದ ಊರುಗಳಲ್ಲಿಯೂ ಇವನು ಮಾಡಿದ ಮೊದಲ ಸಂಚಾರವನ್ನು ಕೃತ್ಯಗಳು ವರ್ಣಿಸುತ್ತವೆ. ಲುಸ್ತ್ರದಲ್ಲಿ ಕುಂಟನೊಬ್ಬನನ್ನು ಗುಣಪಡಿಸಿದಾಗ ಜನರು ಬಾರ್ನಬನನ್ನು ಜ್ಯೂಸ್ ದೇವತೆಯೆಂದೂ ಮಾತುಗಾರನಾದ ಪೌಲನನ್ನು ಹೆರ್ಮೆಸ್ ದೇವತೆಯೆಂದೂ ಬಗೆದು ಎತ್ತುಗಳನ್ನು ಬಲಿಗೆ ತಂದದ್ದು, ಅದೇ ಊರಿನಲ್ಲಿ ಬಳಿಕ ಪೌಲನ ಮೇಲೆ ಕಲ್ಲೆಸೆದು, ಸತ್ತನೆಂದು ಬಗೆದು ಊರಾಚೆ ಎಳೆದುಹಾಕಿದ್ದು ಅದರ ಸ್ವಾರಸ್ಯವಾದ ಭಾಗ. ಮಾರ್ಕನೆಂಬ ಯುವಕನನ್ನು ಜೊತೆಗೆ ಕರೆದೊಯ್ಯುವ ವಿಷಯದಲ್ಲಿ ಬಾರ್ನಬನೊಡನೆ ಮನಸ್ತಾಪವಾಗಿ, ಪೌಲನು ಸೀಲನನ್ನೂ, ತರುವಾಯ ಲುಸ್ತ್ರದ ತಿಮೊಥೆಯನನ್ನೂ ಸಹಚರರನ್ನಾಗಿ ಆರಿಸಿಕೊಂಡನು. ತ್ರೋವದಿಂದ ಸಮುದ್ರ ದಾಟಿ ಮಕೆದೋನ್ಯದ ಫಿಲಿಪ್ಪಿಗೂ ಥೆಸಲೋನಿಕಕ್ಕೂ, ಬೆರೋಯ ಮತ್ತು ಅಥೆನ್ಸ್ ಮಾರ್ಗವಾಗಿ ಕೊರಿಂಥಕ್ಕೂ ಇವನು ಬಂದದ್ದು ಐವತ್ತರ ಆಸುಪಾಸಿನಲ್ಲಿ. ಫಿಲಿಪ್ಪಿಯಲ್ಲಿ ಇವನ ಮಾತನ್ನು ಮೊದಲು ಮನಸ್ಸಿಗೆ ತಂದುಕೊಂಡವಳು ಧೂಮ್ರವರ್ಣದ ವಸ್ತ್ರಗಳನ್ನು ಮಾರುತ್ತಿದ್ದ ಲುದ್ಯಳೆಂಬ ವ್ಯಾಪಾರಗಾರ್ತಿ. ಮುಂದೆ ಇವನು ಧನಸಹಾಯ ಸ್ವೀಕರಿಸಲು ಒಪ್ಪಿದ್ದು ಆ ಊರಿನ ಸಭೆಯೊಂದರಿಂದ ಮಾತ್ರ.

ಕೊರಿಂಥದಲ್ಲಿ ಇವನು ಒಂದೂವರೆ ವರ್ಷ ನಿಂತನು. ಕ್ರಿ.ಪೂ. 146ರಲ್ಲಿ ರೋಮನರಿಂದ ನಾಶವಾಗಿ, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಆಜ್ಞೆಯಿಂದ ಮತ್ತೆ ಎದ್ದ ಆ ಪಟ್ಟಣವು, ಭೂಸಂಧಿಯ ಎರಡು ಮಗ್ಗುಲಿಗೂ ಬಂದರುಗಳನ್ನಿಟ್ಟುಕೊಂಡು, ಬಿಡುಗಡೆ ಹೊಂದಿದ ಗುಲಾಮರು, ನಾವಿಕರು, ಹೊಸ ಶ್ರೀಮಂತರು ಮೊದಲಾದವರಿಂದ ತುಂಬಿದ ವ್ಯಾಪಾರಸ್ಥಾನವಾಗಿತ್ತು. ಚಕ್ರವರ್ತಿ ಕ್ಲಾಡಿಯಸನ ಆಜ್ಞೆಯಿಂದ ರೋಮನ್ನು ಬಿಟ್ಟು ಬಂದಿದ್ದ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆಯಲ್ಲಿ ಇವನು ಗುಡಾರದ ಕೆಲಸ ಮಾಡಿದನು. ವಿರೋಧಿಗಳು ಇವನನ್ನು ಅಖಾಯ ಪ್ರಾಂತದ ಅಧಿಪತಿ ಗಲ್ಲಿಯೋನನ ಮುಂದೆ ಎಳೆದುತಂದಾಗ, ಇದು ನಿಮ್ಮ ಶಾಸ್ತ್ರದ ವಾಗ್ವಾದ, ನೀವೇ ನೋಡಿಕೊಳ್ಳಿರೆಂದು ಅವನು ದೂರನ್ನು ತಳ್ಳಿಹಾಕಿದನು. ತತ್ತ್ವಜ್ಞಾನಿ ಸೆನೆಕನ ಅಣ್ಣನಾದ ಈ ಗಲ್ಲಿಯೋನನ ಹೆಸರು ಡೆಲ್ಫಿಯಲ್ಲಿ ದೊರೆತ ಶಿಲಾಶಾಸನದ ತುಣುಕುಗಳಲ್ಲಿ ಬಂದಿರುವುದರಿಂದ ಅವನ ಅಧಿಕಾರಕಾಲ 51–52ರ ಸುಮಾರಿನದೆಂದು ನಿಶ್ಚಯಿಸಲು ಸಾಧ್ಯವಾಗಿದೆ. ಪೌಲನ ಇಡೀ ಕಾಲಗಣನೆ ನಿಂತಿರುವುದು ಈ ಒಂದು ಕಲ್ಲಿನ ಮೇಲೆ. ಇದರಿಂದ ಹಿಂದಕ್ಕೂ ಮುಂದಕ್ಕೂ ಎಣಿಸಿಯೇ ಉಳಿದ ವರ್ಷಗಳನ್ನು ಅಂದಾಜು ಮಾಡುತ್ತಾರೆ.

ಪತ್ರಿಕೆಗಳಲ್ಲಿ ರೋಮಾಪುರದವರಿಗೆ, ಕೊರಿಂಥದವರಿಗೆ (ಎರಡು), ಗಲಾತ್ಯದವರಿಗೆ, ಫಿಲಿಪ್ಪಿಯವರಿಗೆ, ಥೆಸಲೋನಿಕದವರಿಗೆ (ಮೊದಲನೆಯದು), ಫಿಲೆಮೋನನಿಗೆ ಬರೆದ ಏಳು ಪೌಲನವೇ ಎಂಬುದರಲ್ಲಿ ವಿವಾದವಿಲ್ಲ. ಉಳಿದ ಆರರ ಕರ್ತೃತ್ವವನ್ನು, ಅದರಲ್ಲಿಯೂ ತಿಮೊಥೆಯ ತೀತರಿಗೆ ಬರೆದ ಮೂರನ್ನು, ಬಹುಮಂದಿ ವಿಮರ್ಶಕರು ಶಿಷ್ಯರಿಗೆ ಆರೋಪಿಸುತ್ತಾರೆ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಕರ್ತೃವಿನ ಹೆಸರೇ ಇಲ್ಲ. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆ ಸುಮಾರು 50ರದು. ಅತ್ಯಂತ ಹಳೆಯ ಸುವಾರ್ತೆಯೆನಿಸಿದ ಮಾರ್ಕನ ಗ್ರಂಥವಾದರೋ 70ರ ಸುಮಾರಿನದು. ಆದುದರಿಂದ ಯೇಸುವಿನ ಕಡೆಯ ರಾತ್ರಿಯ ಭೋಜನವನ್ನೂ, ಪುನರುತ್ಥಾನದ ಸಾಕ್ಷಿಗಳ ಪಟ್ಟಿಯನ್ನೂ ನಾವು ಲಿಖಿತರೂಪದಲ್ಲಿ ಮೊತ್ತಮೊದಲು ಕಾಣುವುದು ಸುವಾರ್ತೆಗಳಲ್ಲಲ್ಲ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ. ಆ ಎರಡೂ ಅಲ್ಲಿಗೆ ಬಂದುದು ಸಿದ್ಧಾಂತನಿರೂಪಣೆಗಾಗಿ ಕುಳಿತು ಬರೆದುದರಿಂದಲ್ಲ. ಸಭೆಯ ಭೋಜನದಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು ತೇಗುತ್ತಿರಲು ಇಲ್ಲದವರು ಹಸಿದಿದ್ದ ದುರ್ನಡತೆಯನ್ನು ಗದರಿಸುವಾಗ ಒಂದು, ಸತ್ತವರಿಗೆ ಪುನರುತ್ಥಾನವಿಲ್ಲವೆಂದು ಕೆಲವರು ಹೇಳಿದ್ದಕ್ಕೆ ಮರುನುಡಿಯುವಾಗ ಇನ್ನೊಂದು. ಪತ್ರಿಕೆಗಳನ್ನು ಇವನು ಲಿಪಿಕಾರರಿಂದ ಬರೆಯಿಸುತ್ತಿದ್ದನು. ರೋಮಾಪುರದ ಪತ್ರಿಕೆಯ ಲಿಪಿಕಾರನಾದ ತೆರ್ತ್ಯನು ನಡುವೆ ತನ್ನ ವಂದನೆಯನ್ನೂ ಸೇರಿಸಿದ್ದಾನೆ. ಗಲಾತ್ಯದ ಪತ್ರಿಕೆಯ ಕೊನೆಯಲ್ಲಿ ತನ್ನ ಕೈಯಿಂದಲೇ ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೇನೆ ನೋಡಿರೆಂದು ಪೌಲನು ಹೇಳುತ್ತಾನೆ. ಇಂದು ಬೈಬಲಿನಲ್ಲಿ ಈ ಪತ್ರಿಕೆಗಳು ಕಾಲಾನುಕ್ರಮದಲ್ಲಿಲ್ಲ, ಬಹುಮಟ್ಟಿಗೆ ಉದ್ದವಾದುದರಿಂದ ಗಿಡ್ಡವಾದುದರ ಕಡೆಗೆ ಇಳಿಯುತ್ತವೆಂಬುದನ್ನು ಓದುಗನು ಗಮನದಲ್ಲಿಡಬೇಕು.

ಇವನ ಸಹಕಾರಿಗಳಲ್ಲಿ ಸ್ತ್ರೀಯರ ಹೆಸರುಗಳು ಗಣನೀಯವಾಗಿವೆ. ಕೆಂಖ್ರೆಯ ಬಂದರಿನ ಸಭೆಯ ಸೇವಕಿ ಫೊಯಿಬೆಯನ್ನು ರೋಮಿನವರಿಗೆ ಶಿಫಾರಸು ಮಾಡುತ್ತಾನೆ. ಪ್ರಿಸ್ಕಿಲ್ಲಳ ಹೆಸರನ್ನು ಗಂಡನ ಹೆಸರಿಗಿಂತ ಮೊದಲು ಹೇಳುತ್ತಾನೆ. ಯೂನಿಯ ಎಂಬವಳನ್ನು ಅಪೊಸ್ತಲರಲ್ಲಿ ಪ್ರಸಿದ್ಧಳೆಂದು ಕರೆಯುತ್ತಾನೆ. ಸಭೆಯಲ್ಲಿ ಸ್ತ್ರೀಯರು ಮೌನವಾಗಿರಬೇಕೆಂಬ ಆಜ್ಞೆಯೂ ಇವನ ಪತ್ರಿಕೆಯಲ್ಲಿಯೇ ಇದೆ. ಅದೇ ಪತ್ರಿಕೆಯಲ್ಲಿ ಸ್ವಲ್ಪ ಹಿಂದೆ ಸ್ತ್ರೀಯರು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಸಹಜವೆಂದು ಒಪ್ಪಿರುವುದರಿಂದ, ಆ ಸಾಲುಗಳು ಅನಂತರದ ಸೇರ್ಪಡೆಯೆಂದು ಕೆಲವರ ಮತ. ಗುಲಾಮಗಿರಿಯ ವಿಷಯದಲ್ಲಿ ಇವನ ನಿಲವು ಇನ್ನೂ ತೊಡಕಿನದು. ಒನೇಸಿಮನೆಂಬ ಗುಲಾಮನನ್ನು ಯಜಮಾನ ಫಿಲೆಮೋನನ ಬಳಿಗೆ ಹಿಂದಕ್ಕೆ ಕಳುಹಿಸುತ್ತ, ಇನ್ನು ಮೇಲೆ ಗುಲಾಮನಂತಲ್ಲ, ಪ್ರಿಯ ಸಹೋದರನಂತೆ ಸ್ವೀಕರಿಸೆಂದು ಬರೆಯುತ್ತಾನೆ. ಬಿಡುಗಡೆ ಮಾಡೆಂದು ಬಾಯಿಬಿಟ್ಟು ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿಯ ಸಮರ್ಥಕರೂ ವಿರೋಧಿಗಳೂ ಈ ಚಿಕ್ಕ ಪತ್ರಿಕೆಯನ್ನು ತಮ್ಮ ತಮ್ಮ ಆಧಾರವಾಗಿ ಎತ್ತಿ ಹಿಡಿಯುವಂತಾದುದಕ್ಕೆ ಈ ಮೌನವೇ ಕಾರಣ.

ಎಫೆಸದಲ್ಲಿ ಎರಡು ವರ್ಷಕ್ಕೂ ಮೇಲ್ಪಟ್ಟು ಇದ್ದ ಕಾಲದಲ್ಲಿ ಅರ್ತೆಮಿ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುತ್ತಿದ್ದ ಅಕ್ಕಸಾಲಿಗರು ತಮ್ಮ ಕಸಬಿಗೆ ಕುತ್ತು ಬಂತೆಂದು ಎಬ್ಬಿಸಿದ ಗಲಭೆ ಪ್ರಸಿದ್ಧವಾಗಿದೆ. ಆದರೆ ಆ ವರ್ಷಗಳಲ್ಲಿ ಪೌಲನ ಮನಸ್ಸನ್ನು ಸೂರೆಗೊಂಡಿದ್ದ ಕಾರ್ಯ ಧನಸಂಗ್ರಹ. ಯೆರೂಸಲೇಮಿನ ಹಿರಿಯರಿಗೆ ಕೊಟ್ಟ ಮಾತಿನಂತೆ, ಅಲ್ಲಿಯ ಬಡ ವಿಶ್ವಾಸಿಗಳಿಗಾಗಿ ಅನ್ಯಜನರ ಸಭೆಗಳಿಂದ ಕಾಣಿಕೆಯನ್ನು ಕೂಡಿಸಲು ಇವನು ಕೈಹಾಕಿದ್ದನು. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ಗಳಿಕೆಗೆ ತಕ್ಕಂತೆ ಸ್ವಲ್ಪ ತೆಗೆದಿಡಬೇಕೆಂದು ಕೊರಿಂಥದವರಿಗೆ ವಿಧಿಸಿದನು. ಅವರು ತಡಮಾಡಲು, ಮಕೆದೋನ್ಯದವರು ಕಡುಬಡತನದಲ್ಲಿಯೂ ಉದಾರವಾಗಿ ಕೊಟ್ಟರೆಂದು ಹೊಗಳಿ ಇವರನ್ನು ನಾಚಿಸಿದನು. ಹಣದ ವಿಷಯದಲ್ಲಿ ಯಾರೂ ಆಡಿಕೊಳ್ಳದಿರಲೆಂದು ಸಭೆಗಳೇ ಆರಿಸಿದ ಪ್ರತಿನಿಧಿಗಳನ್ನು ಜೊತೆಗಿರಿಸಿಕೊಂಡನು. ಈ ಹಣ ಬರಿಯ ದಾನವಾಗಿರಲಿಲ್ಲ. ಯೆರೂಸಲೇಮು ಇದನ್ನು ಕೈನೀಡಿ ತೆಗೆದುಕೊಂಡರೆ ಸುನ್ನತಿಯಿಲ್ಲದವರ ಸಭೆಗಳನ್ನೂ ಒಡಹುಟ್ಟಿದವರೆಂದು ಒಪ್ಪಿದಂತಾಗುತ್ತಿತ್ತು. ಅಂತಿಯೋಕ್ಯದ ಪಂಕ್ತಿಯಲ್ಲಿ ಕೈತಪ್ಪಿದ ಐಕ್ಯವನ್ನು ಇದರ ಮೂಲಕ ಮರಳಿ ಪಡೆಯುವ ಹಂಬಲ ಇವನದು. ಪಶ್ಚಿಮದ ಸ್ಪೇನಿಗೆ ಹೋಗುವ ಉದ್ದೇಶವಿದ್ದೂ, ಮೊದಲು ವಿರುದ್ಧ ದಿಕ್ಕಿನ ಯೆರೂಸಲೇಮಿಗೆ ತಾನೇ ಹೋಗಬೇಕೆಂದು ಹಟ ಹಿಡಿದದ್ದು ಈ ಕಾರಣದಿಂದಲೇ. ಅಲ್ಲಿಯವರು ಕಾಣಿಕೆಯನ್ನು ಮೆಚ್ಚಿ ಸ್ವೀಕರಿಸುವಂತೆ ಪ್ರಾರ್ಥಿಸಿರೆಂದು ರೋಮಿನವರನ್ನು ಬೇಡಿಕೊಳ್ಳುವ ವಾಕ್ಯದಲ್ಲಿ ಇವನ ಆತಂಕ ಸ್ಪಷ್ಟವಾಗಿದೆ.

ಆತಂಕ ನಿಜವಾಯಿತು. ಸುಮಾರು 57ರಲ್ಲಿ ಯೆರೂಸಲೇಮನ್ನು ಸೇರಿದ ಪೌಲನ ಮೇಲೆ, ಎಫೆಸದ ತ್ರೊಫಿಮನೆಂಬ ಅನ್ಯನನ್ನು ದೇವಾಲಯದ ಒಳ ಆವರಣಕ್ಕೆ ಕರೆತಂದನೆಂಬ ಆರೋಪ ಹುಟ್ಟಿ ಜನ ಇವನನ್ನು ಹೊಡೆದು ಕೊಲ್ಲುವುದರಲ್ಲಿದ್ದರು. ಅನ್ಯಜಾತಿಯವನು ತಡೆಗೋಡೆಯನ್ನು ದಾಟಿದರೆ ತನ್ನ ಸಾವಿಗೆ ತಾನೇ ಹೊಣೆಯೆಂದು ಗ್ರೀಕ್ ಭಾಷೆಯಲ್ಲಿ ಸಾರುವ ಶಿಲಾಫಲಕವೊಂದನ್ನು ಫ್ರೆಂಚ್ ವಿದ್ವಾಂಸ ಕ್ಲೆರ್ಮಾಂ ಗಾನೋ 1871ರಲ್ಲಿ ಯೆರೂಸಲೇಮಿನಲ್ಲಿ ಕಂಡುಹಿಡಿದನು. ಅದು ಈಗ ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿದೆ. ರೋಮನ್ ಸಹಸ್ರಾಧಿಪತಿ ಇವನನ್ನು ಬಿಡಿಸಿ ಸೆರೆಯಲ್ಲಿಟ್ಟನು. ಕಾಣಿಕೆಯ ಗತಿ ಏನಾಯಿತೆಂಬುದರ ಬಗೆಗೆ ಕೃತ್ಯಗಳು ಒಂದು ಮಾತನ್ನೂ ಆಡುವುದಿಲ್ಲ. ತನ್ನ ಜನಕ್ಕೆ ದಾನದ್ರವ್ಯ ತಂದೆನೆಂದು ಪೌಲನು ವಿಚಾರಣೆಯಲ್ಲಿ ಒಮ್ಮೆ ಹೇಳುವುದಷ್ಟೇ ಅಲ್ಲಿರುವ ಸುಳಿವು. ಹಣ ತಿರಸ್ಕೃತವಾಗಿರಬಹುದೆಂಬ ಸಂದೇಹ ಈ ಮೌನದಿಂದ ಬಲಗೊಳ್ಳುತ್ತದೆ.

ಕೈಸರೈಯದಲ್ಲಿ ಎರಡು ವರ್ಷ ಕಳೆದವು. ಅಧಿಪತಿ ಫೇಲಿಕ್ಸನು ಲಂಚದ ಆಸೆಯಿಂದ ಇವನನ್ನು ಆಗಾಗ ಕರೆಯಿಸಿ ಮಾತಾಡಿಸುತ್ತಿದ್ದನೆಂದು ಕೃತ್ಯಗಳ ಕರ್ತೃ ನಿರ್ವಿಕಾರವಾಗಿ ಬರೆಯುತ್ತಾನೆ. ಅವನ ಬಳಿಕ ಬಂದ ಫೆಸ್ತನ ಮುಂದೆ ಪೌಲನು ಚಕ್ರವರ್ತಿಗೆ ಮೊರೆಯಿಟ್ಟನು. ಶತಾಧಿಪತಿ ಯೂಲ್ಯನ ಕಾವಲಿನಲ್ಲಿ ಇವನನ್ನು ರೋಮಿಗೆ ಒಯ್ಯುತ್ತಿದ್ದ, 276 ಜನರಿದ್ದ ಅಲೆಕ್ಸಾಂಡ್ರಿಯದ ಧಾನ್ಯದ ಹಡಗು ಮಾಲ್ಟಾ ದ್ವೀಪದ ಬಳಿ ಒಡೆದುಹೋದ ವೃತ್ತಾಂತವು ಪ್ರಾಚೀನ ಸಾಹಿತ್ಯದ ನೌಕಾಯಾನ ವರ್ಣನೆಗಳಲ್ಲಿ ಶ್ರೇಷ್ಠವಾದವುಗಳ ಸಾಲಿಗೆ ಸೇರುತ್ತದೆ. ರೋಮಿನಲ್ಲಿ ಬಾಡಿಗೆಯ ಮನೆಯಲ್ಲಿ ಎರಡು ವರ್ಷ ಕಾವಲಿನಲ್ಲಿದ್ದು ಬಂದವರಿಗೆಲ್ಲ ಬೋಧಿಸುತ್ತಿದ್ದನೆಂಬಲ್ಲಿಗೆ ಕೃತ್ಯಗಳು ಮುಗಿಯುತ್ತವೆ, ತೀರ್ಪಿನ ಮಾತಿಲ್ಲ. ಪಶ್ಚಿಮದ ಎಲ್ಲೆಯನ್ನು ಮುಟ್ಟಿ ಅಧಿಪತಿಗಳ ಮುಂದೆ ಸಾಕ್ಷಿಯಾಗಿ ಲೋಕವನ್ನು ಬಿಟ್ಟನೆಂದು ಶತಮಾನದ ಕೊನೆಯಲ್ಲಿ ರೋಮಿನ ಕ್ಲೆಮೆಂಟನು ಸೂಚಿಸುತ್ತಾನೆ. ನೀರೋ ಚಕ್ರವರ್ತಿಯ ಕಾಲದಲ್ಲಿ ಶಿರಚ್ಛೇದವಾಯಿತೆಂಬುದು ಪರಂಪರೆ. ಒಸ್ತಿಯದ ದಾರಿಯಲ್ಲಿ ಇವನ ಸ್ಮಾರಕವಿದೆಯೆಂದು 200ರ ಸುಮಾರಿನಲ್ಲಿ ಗಾಯಸನೆಂಬ ಹಿರಿಯನು ಹೇಳಿದ್ದನ್ನು ಯೂಸೀಬಿಯಸನು ಉಳಿಸಿದ್ದಾನೆ. ಅಲ್ಲಿ ಕಾನ್‌ಸ್ಟಂಟೀನನು ಕಟ್ಟಿಸಿ ಮುಂದಿನವರು ಹಿಗ್ಗಿಸಿದ ಮಹಾದೇವಾಲಯ 1823ರಲ್ಲಿ ಬೆಂಕಿಗೆ ಆಹುತಿಯಾಗಿ, ಪುನರ್ನಿರ್ಮಿತವಾಗಿ 1854ರಲ್ಲಿ ಪ್ರತಿಷ್ಠೆಗೊಂಡಿತು. ಅದರ ವೇದಿಕೆಯ ಕೆಳಗಿನ ಶಿಲಾಪೆಟ್ಟಿಗೆಯಲ್ಲಿರುವ ಅಸ್ಥಿಶಕಲಗಳು ಮೊದಲನೆಯ ಅಥವಾ ಎರಡನೆಯ ಶತಮಾನದವೆಂದು 2009ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಪ್ರಕಟಿಸಿದರು.

ಕುಳ್ಳ, ಬೋಳುತಲೆ, ಬಾಗಿದ ಕಾಲುಗಳು, ಕೂಡಿದ ಹುಬ್ಬು, ತುಸು ನೀಳವಾದ ಮೂಗು: ಚಿತ್ರಶಿಲ್ಪಗಳಲ್ಲಿ ರೂಢವಾದ ಈ ರೂಪ ಎರಡನೆಯ ಶತಮಾನದ ಪೌಲ ಮತ್ತು ತೆಕ್ಲಳ ಕಥೆಯಿಂದ ಬಂದುದು. ಪೌಲನ ಮೇಲಣ ಪ್ರೀತಿಯಿಂದ ಅದನ್ನು ರಚಿಸಿದೆನೆಂದು ಒಪ್ಪಿಕೊಂಡ ಏಷ್ಯದ ಹಿರಿಯನೊಬ್ಬನು ತನ್ನ ಸ್ಥಾನವನ್ನು ಕಳೆದುಕೊಂಡನೆಂದು ತೆರ್ತುಲ್ಯನ್ ಹೇಳುತ್ತಾನೆ.

ಐಕ್ಯಕ್ಕಾಗಿ ಹೆಣಗಿದವನ ಬರೆಹಗಳು ಮುಂದೆ ಒಡಕುಗಳಿಗೆಲ್ಲ ಆಯುಧವಾದವು. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಯೆಹೂದ್ಯ ಶಾಸ್ತ್ರಗಳನ್ನೆಲ್ಲ ತಳ್ಳಿ, ಪೌಲನ ಹತ್ತು ಪತ್ರಿಕೆಗಳನ್ನೂ ಕತ್ತರಿಸಿದ ಒಂದು ಸುವಾರ್ತೆಯನ್ನೂ ಮಾತ್ರ ಉಳಿಸಿಕೊಂಡನು. ಅದೇ ಕಾಲದ ಎಬಿಯೋನರೆಂಬ ಯೆಹೂದ್ಯ ಕ್ರೈಸ್ತರು ಪೌಲನನ್ನು ಧರ್ಮಭ್ರಷ್ಟನೆಂದು ತೊರೆದರು. 386ರಲ್ಲಿ ಮಿಲಾನಿನ ತೋಟದಲ್ಲಿ ಅಗಸ್ಟೀನನು ತೆರೆದು ಓದಿದ್ದು ರೋಮಾಪುರದ ಪತ್ರಿಕೆಯನ್ನು. ಲೂಥರನು ಕ್ರಿಯೆಗಳಿಂದಲ್ಲ, ನಂಬಿಕೆಯಿಂದಲೇ ಮನುಷ್ಯನು ನೀತಿವಂತನೆನಿಸುವನೆಂಬ ತತ್ತ್ವವನ್ನು ಎತ್ತಿಕೊಂಡದ್ದೂ ಅದರಿಂದಲೇ. ಕಾರ್ಲ್ ಬಾರ್ತನು 1919ರಲ್ಲಿ ಅದರ ಮೇಲೆಯೇ ವ್ಯಾಖ್ಯಾನ ಬರೆದು ಯುರೋಪಿನ ದೇವತಾಶಾಸ್ತ್ರವನ್ನು ಕಲಕಿದನು. ಭಾರತದಲ್ಲಿ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ನೀತಿಬೋಧೆಗಳನ್ನು ಸುವಾರ್ತೆಗಳಿಂದಲೇ ಆಯ್ದು ಪ್ರಕಟಿಸಿದಾಗ ಪೌಲನು ಹೊರಗುಳಿದನು. ಗಾಂಧೀಜಿಯವರೂ ಪರ್ವತಪ್ರಸಂಗಕ್ಕೂ ಪೌಲನ ಪತ್ರಿಕೆಗಳಿಗೂ ಬಹಳ ಅಂತರ ಕಾಣುತ್ತಿದ್ದರು. ಸರಳವಾದ ಯೇಸುವಿನ ಧರ್ಮವನ್ನು ಪೌಲನು ಜಟಿಲಗೊಳಿಸಿದನೆಂಬ ಈ ಅಭಿಪ್ರಾಯ ಯುರೋಪಿನಲ್ಲಿಯೂ ಪ್ರಚಲಿತವಾಗಿತ್ತು. ಆದರೆ ಸುವಾರ್ತೆಗಳೇ ಪೌಲನ ಅನಂತರದ ರಚನೆಗಳಾಗಿರುವಾಗ ಆ ವಿಭಾಗ ತೋರುವಷ್ಟು ಸುಲಭವಲ್ಲ.

ಇ. ಪಿ. ಸ್ಯಾಂಡರ್ಸ್ 1977ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈಚೆಗೆ ವಿಚಾರದ ದಿಕ್ಕು ಬದಲಾಗಿದೆ. ಪುಣ್ಯಸಂಪಾದನೆಯಿಂದ ಮೋಕ್ಷವನ್ನು ಕೊಳ್ಳುವ ಶುಷ್ಕಧರ್ಮವೆಂದು ಅಂದಿನ ಯೆಹೂದ್ಯ ಮತವನ್ನು ಚಿತ್ರಿಸಿದ್ದು ತಪ್ಪೆಂದೂ, ಅದರಲ್ಲಿಯೂ ದೇವರ ಕೃಪೆ ಮತ್ತು ಒಡಂಬಡಿಕೆಯೇ ಮೊದಲೆಂದೂ ಅವರು ತೋರಿಸಿದ ಮೇಲೆ, ಪೌಲನ ವಾದ ಅನ್ಯಜನರ ಪ್ರವೇಶದ ವಾದವೆಂದು ಓದುವವರು ಹೆಚ್ಚಾಗಿದ್ದಾರೆ. ಇಸ್ರಾಯೇಲನ್ನು ದೇವರು ತಳ್ಳಿಬಿಟ್ಟನೇ ಎಂದು ಕೇಳಿ, ಎಂದಿಗೂ ಇಲ್ಲವೆಂದು ಉತ್ತರಿಸುವ ರೋಮಾಪುರದ ಪತ್ರಿಕೆಯ ಒಂಬತ್ತರಿಂದ ಹನ್ನೊಂದರ ಅಧ್ಯಾಯಗಳು ಶತಮಾನಗಳ ಕಾಲ ಉಪೇಕ್ಷಿತವಾಗಿದ್ದವು. ಎರಡನೆಯ ಮಹಾಯುದ್ಧದಲ್ಲಿ ಯೆಹೂದ್ಯರ ಸಾಮೂಹಿಕ ಸಂಹಾರ ನಡೆದ ಮೇಲೆ ಅವುಗಳತ್ತ ಮತ್ತೆ ದೃಷ್ಟಿ ಹರಿಯಿತು. ಯೆಹೂದ್ಯರು ಶಾಪಗ್ರಸ್ತರೆಂಬ ಬೋಧನೆಯನ್ನು ನಿರಾಕರಿಸಿ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರಿನಲ್ಲಿ ಹೊರಡಿಸಿದ ಘೋಷಣೆ ಆ ಅಧ್ಯಾಯಗಳನ್ನೇ ಆಶ್ರಯಿಸಿದೆ.